ಚಿಕ್ಕವ್ವನ ಹಾಲಿನ ಕರೆಂಟು

ಮಾರ್ಚ್ 4, ಮಂಗಳವಾರ

ಬೆಳಿಗ್ಗೆಯಿಂದ ಸ್ಟ್ರಿಪ್ ತಯಾರಿ. ಪ್ಲಾಸ್ಟಿಕ್ ಹಾಳೆಯ ಮೇಲೆ ಕಾರ್ಬನ್ ಇಂಕ್ ಎಳೆಯುವುದು, ಓವನ್ನಿನಲ್ಲಿ ಒಣಗಿಸುವುದು, ಕತ್ತರಿಸುವುದು. ಹೆಬ್ಬೆರಳಿಗೆ ಬೊಬ್ಬೆ. ಪಿಎಚ್.ಡಿ.ಗೆ ಸೇರಿ ಟೈಲರಿಂಗ್ ಕಲಿತೆ ಅಂತ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅಪ್ಪ ನಗಲಿಲ್ಲ. "ಯಾವಾಗ್ ಮುಗೀತದೆ ಮಗ?" ನಾಗಮಂಗಲದಲ್ಲಿ ದಿನಾ ಯಾರಾದರೂ ಕೇಳುತ್ತಾರಂತೆ.

ಆದರೆ ಇವತ್ತು ಮಷಿನ್ನು ಹೇಳಿದ ಹಾಗೆ ಕೇಳಿತು. ಅಂಗೈ ಅಗಲದ ಪೆಟ್ಟಿಗೆ, ವೈರು ಮೊಬೈಲಿಗೆ. ಸ್ಟ್ರಿಪ್ಪಿನ ಮೇಲೆ ಒಂದು ತೊಟ್ಟು ಹಾಲು, ಒಂದು ತೊಟ್ಟು ನೀಲಿ ಬಣ್ಣ. ಹಾಲಿನಲ್ಲಿ ಬ್ಯಾಕ್ಟೀರಿಯಾ ಉಸಿರಾಡುತ್ತಿದ್ದರೆ ಬಣ್ಣವನ್ನು ಅವೇ ಮುಗಿಸುತ್ತವೆ, ಕರೆಂಟು ಇಳಿಯುತ್ತದೆ. ಬೇಗ ಇಳಿದಷ್ಟೂ ಹಾಲು ಬೇಗ ಕೆಡುತ್ತದೆ. ಪ್ಲೇಟಿನಲ್ಲಿ ಬೆಳೆಸಿ ಎರಡು ದಿನ ಕಾದು ನೋಡುವುದನ್ನು ಕಾಫಿ ಕುಡಿಯುವಷ್ಟರಲ್ಲಿ ಹೇಳಿಬಿಡುತ್ತದೆ.

ಮಧ್ಯಾಹ್ನ ಗೈಡ್ ಕರೆದರು. ಚಿಕ್ಕಸ್ವಾಮಿ ಸರ್ ಕರೆದರೆ ಒಂದೋ ಬೈಗುಳ, ಇಲ್ಲಾ ಅವರ ಮಗಳ ಸೈನ್ಸ್ ಪ್ರಾಜೆಕ್ಟು. ಇವತ್ತು ಎರಡೂ ಅಲ್ಲ.

"ಪ್ರಿಯಾಂಕ, ಪಾಂಡವಪುರದ ಆಚೆ ನಿಮ್ಮ ಚಿಕ್ಕಮ್ಮನ ಊರು ಅಂದಿದ್ದೆ ಅಲ್ವಾ? ಆ ಊರಿನ ಡೈರಿ ಪ್ರೆಸಿಡೆಂಟ್ ನಮ್ಮ ಕಡೆ ನೆಂಟರು. ಅವರ ಹಾಲು ಹುಳಿ ಅಂತ ಚಿಲ್ಲಿಂಗ್ ಸೆಂಟರಿಂದ ವಾಪಸ್ ಬರ್ತಾ ಇದೆಯಂತೆ. ಯಾರ ಮನೆ ಹಾಲಿಂದ ಅಂತ ಕಂಡುಹಿಡಿದು ಕೊಡಿ ಅಂತಾರೆ."

ಪೇಪರಿಗೆ ಫೀಲ್ಡ್ ಡೇಟಾ ಬೇಕಿತ್ತು. ತಾನಾಗಿ ಬಂತು. ಬಾಬುರಾಯನಕೊಪ್ಪಲಿನ ರೂಮಿಗೆ ಬಂದವಳೇ ಚಿಕ್ಕವ್ವನಿಗೆ ಫೋನ್. "ಬಾ ಕಣಮ್ಮಿ, ಎಷ್ಟ್ ದಿನ ಆಯ್ತು ನಿನ್ ಮಕ ನೋಡಿ" ಅಂದಳು.

ಇವತ್ತು ಖುಷಿಯಾಗಿದ್ದೇನೆ. ಬರೆದಿಟ್ಟಿರಲಿ.

ಮಾರ್ಚ್ 11, ಮಂಗಳವಾರ. ಸಂಜೆ

ಸರ್ ಕಾರಿನಲ್ಲಿ ಹೋದೆವು. ಪೇಟೆ ರಸ್ತೆಯಿಂದ ಒಳಕ್ಕೆ. ನಾಲೆಯಲ್ಲಿ ನೀರಿದೆ, ಕಬ್ಬು ಎದೆಮಟ್ಟ.

ಮೊದಲು ಪ್ರೆಸಿಡೆಂಟ್ ತಿಮ್ಮರಾಜು ಅವರ ಮನೆ. ದೊಡ್ಡ ಕೊಟ್ಟಿಗೆ, ಕಪ್ಪು-ಬಿಳಿ ಎಚ್‌ಎಫ್ ಹಸುಗಳು, ಫ್ಯಾನು, ಹಾಲು ಕರೆಯುವ ಮಷಿನ್ನು. ಊರಿನ ಹಾಲಿನಲ್ಲಿ ಕಾಲು ಪಾಲು ಅವರದೇ.

ಕಾಫಿ ಬಂತು. ಸರ್‌ಗೆ ಸ್ಟೀಲ್ ಲೋಟ. ಡೈರಿಯ ಸೆಕ್ರೆಟರಿ ದಿಲೀಪನಿಗೆ ಸ್ಟೀಲ್ ಲೋಟ. ನನಗೆ ಪೇಪರ್ ಕಪ್ಪು. "ಇವಾಗಿನ್ ಮಕ್ಳು ಇದೇ ಕೇಳೋದು, ನೀಟು" ಅಂದರು ತಿಮ್ಮರಾಜು ಹೆಂಡತಿ. ಬಹಳ ಮೃದು ದನಿ. ಬಳಸಿ ಬಿಸಾಡುವುದು — ನನ್ನ ಸ್ಟ್ರಿಪ್ಪಿನ ಹಾಗೆ. ಕುಡಿದೆ. ಕಾಫಿ ಚೆನ್ನಾಗಿತ್ತು, ಅದೇ ಬೇಜಾರು.

ತಿಮ್ಮರಾಜು ಮಾತು ಶುರು ಮಾಡಿದರು. "ಕಾಲೋನಿಯೋರು ನಾಕು ಮನೆ ಹೋದ್ ವರ್ಸ ಡೈರಿಗ್ ಸೇರ್ಕಂಡ್ರು. ನಾನ್ ಬೇಡ ಅನ್ನಿಲ್ಲ. ಅವ್ರು ಸೇರ್ದಾಗಿಂದ್ಲೇ ಹಾಲು ವಾಪಸ್ ಬತ್ತಾ ಅದೆ. ನಾನ್ ಯೋಳ್ತಿಲ್ಲ, ಊರೋರು ಯೋಳ್ತಾವ್ರೆ. ಪಾತ್ರೆ ಗೀತ್ರೆ ಸರ್ಯಾಗ್ ತೊಳ್ಯಕ್ಕಿಲ್ಲ ಅಂತ. ನಿಮ್ ಮಷಿನ್ನೇ ಯೋಳ್ಬುಡ್ಲಿ, ನಮ್ಗ್ಯಾಕೆ ಕೆಟ್ಟೆಸ್ರು?" ಆಮೇಲೆ ನನ್ನ ಕಡೆ ತಿರುಗಿದರು. "ಮಾರಮ್ಮನ ಅಕ್ಕನ ಮಗ್ಳಲ್ವೇನವ್ವ ನೀನು? ಇಷ್ಟ್ ಓದಿದ್ದೀಯ, ಸಂತೋಸ."

ಆ ನಾಲ್ಕು ಮನೆಯಲ್ಲಿ ಮಾರಮ್ಮ ಚಿಕ್ಕವ್ವನದೂ ಒಂದು. ಡೈರಿಯಲ್ಲಿ ಅವರ ಹಾಲು ಕೊನೆಗೆ ಅಳೆಯುತ್ತಾರೆ. ಮೊದಲೇ ಹೋಗಿ ನಿಂತಿದ್ದರೂ ಕೊನೆಗೇ. ಯಾರೂ ಹಾಗೆ ರೂಲ್ ಮಾಡಿಲ್ಲ.

ವಾಪಸ್ ಬರುವಾಗ ಸರ್, "ಪರ್ಫೆಕ್ಟ್ ಸೈಟ್" ಅಂದರು. ಇಡೀ ದಾರಿ ಹಾಡು ಹಾಕಿಕೊಂಡು ಬಂದರು.

ಮಾರ್ಚ್ 19, ಬುಧವಾರ

ವಾರದಿಂದ ಚಿಕ್ಕವ್ವನ ಮನೆಯಲ್ಲೇ ಇದ್ದೇನೆ. ಬೆಳಕು ಹರಿಯುವ ಮುಂಚೆ ಡೈರಿ. ಪ್ರತಿ ಮನೆಯ ಹಾಲಿನಿಂದ ಒಂದು ಚೂರು ತೆಗೆದು ಬಾಟಲಿಗೆ. ದಿಲೀಪ ಸಹಾಯ ಮಾಡುತ್ತಾನೆ. ಬಿ.ಎಸ್ಸಿ. ಮಾಡಿದವನು, ಕೇಳುವ ಪ್ರಶ್ನೆ ಸರಿಯಾಗಿರುತ್ತದೆ. "ಅಕ್ಕ, ಸತ್ತೋಗಿರೋ ಬ್ಯಾಕ್ಟೀರಿಯಾನೂ ತೋರುಸ್ತದಾ?" ಇಲ್ಲ, ಬದುಕಿರುವವು ಮಾತ್ರ. "ಒಳ್ಳೇದು ಬುಡಿ. ಇಲ್ಲಿ ಸತ್ತೋರ್ ಲೆಕ್ಕಾನೂ ಬದ್ಕಿರೋರ್ ಮೇಲೆ ಹಾಕ್ತಾರೆ."

ಹುಡುಗ ಒಳ್ಳೆಯವನು ಅನ್ನಿಸಿತು.

ಚಿಕ್ಕವ್ವನಿಗೆ ಮಷಿನ್ನು ತೋರಿಸಿದೆ. ಮೊಬೈಲಿನಲ್ಲಿ ಗೆರೆ ಓಡುವುದನ್ನು ನೋಡಿ, "ಇದು ನನ್ ಹಾಲಾ?" ಅಂದಳು. "ಡಾಕ್ಟ್ರು ಎದೆಗಿಕ್ಕಿ ನೋಡ್ತಾರಲ್ಲ, ಅಂಗೇ ಅದೆ." ಆ ಗೆರೆಯ ಫೋಟೋ ತೆಗೆಸಿಕೊಂಡಳು, ತನ್ನ ಫೋನಿಗೆ ಕಳಿಸು ಅಂದಳು. ಅವಳಿಗೆ ಇರುವುದು ಒಂದೇ ಹಸು. ಚಿಕ್ಕಪ್ಪ ತೀರಿಕೊಂಡ ಮೇಲೆ ಕೂಲಿ ಬಿಟ್ಟು ಇದನ್ನೇ ನಂಬಿದ್ದಾಳೆ. ಹಸುವಿನ ಹೆಸರು ಕೆಂಪಿ. ಬಣ್ಣ ಕಪ್ಪು. ಯಾಕೆ ಅಂದರೆ, "ಉಟ್ಟಿದಾಗ ಕೆಂಪಿತ್ತು, ಆಮೇಲ್ ಮನ್ಸು ಬದ್ಲಾಯ್ಸ್ತು" ಅನ್ನುತ್ತಾಳೆ.

ಮಾರ್ಚ್ 27, ಗುರುವಾರ

ಮತ್ತೆ ಮತ್ತೆ ನೋಡಿದೆ. ಸ್ಟ್ರಿಪ್ ಬದಲಿಸಿ ನೋಡಿದೆ. ಲ್ಯಾಬಿಗೆ ತಂದು ಪ್ಲೇಟಿನಲ್ಲೂ ಬೆಳೆಸಿ ನೋಡಿದೆ.

ಕಾಲೋನಿಯ ಹಾಲು ಚೊಕ್ಕ. ಚಿಕ್ಕವ್ವನದು ಊರಿಗೇ ಚೊಕ್ಕ. ಕರೆಂಟು ಇಳಿಯುವುದೇ ಇಲ್ಲ, ಮಲಗಿದ ಹಾಗೆ ನೇರ ಗೆರೆ.

ಕಲ್ಲು ಉರುಳಿದ ಹಾಗೆ ಇಳಿಯುವುದು ಒಂದೇ ಮನೆಯದು. ತಿಮ್ಮರಾಜು ಅವರದು.

ಅಷ್ಟೇ ಅಲ್ಲ. ಬಣ್ಣ ಹಾಕದೆ, ಹಾಲನ್ನು ಬೆಚ್ಚಗೆ ಇಟ್ಟು ಇನ್ನೊಂದು ಸ್ಟ್ರಿಪ್ಪಿನಲ್ಲಿ ನೋಡಿದರೆ ಅವರ ಹಾಲಿನ ಗೆರೆಯಲ್ಲಿ ಒಂದು ಸಣ್ಣ ಉಬ್ಬು ಏಳುತ್ತದೆ. ಮತ್ಯಾರ ಹಾಲಿನಲ್ಲೂ ಇಲ್ಲ. ಅದು ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾದ ಗುರುತು. ತಾನೇ ಹಸಿರು-ನೀಲಿ ಬಣ್ಣ ಬಿಡುವ ಜಾತಿ. (ಜಾತಿ ಅಂತ ಬರೆದೆ. ಪ್ರಭೇದ ಅನ್ನಬೇಕು. ಇರಲಿ.) ರಬ್ಬರ್ ಪೈಪು, ಒದ್ದೆ ಮೂಲೆ — ಅಂಥ ಕಡೆ ಲೋಳೆ ಕಟ್ಟಿಕೊಂಡು ಕೂರುತ್ತದೆ. ಮೇಲೆ ನೀರು ಹಾಯಿಸಿದರೆ ಹೋಗುವುದಿಲ್ಲ.

ಕೊಟ್ಟಿಗೆ ನೋಡಬೇಕು ಅಂತ ಹೋದೆ. ಕರೆಯುವ ಮಷಿನ್ನಿನ ಪೈಪನ್ನು ಆಳು ಬಕೆಟ್ ನೀರಿನಲ್ಲಿ ಅದ್ದಿ ಮೊಳೆಗೆ ನೇತು ಹಾಕಿದ್ದ. ಒಳಗೆ ಬೆರಳು ಹಾಕಿದೆ. ಜಾರಿತು.

ದಿಲೀಪನಿಗೆ ಹೇಳಿದೆ. ನಕ್ಕ. ಆಮೇಲೆ ಡೈರಿಯ ಬಾಗಿಲ ಕಡೆ ನೋಡಿದ. "ಅಕ್ಕ... ಇದ್ನ ಮೊದ್ಲು ನಿಮ್ ಸರ್‌ಗ್ ಯೋಳಿ. ನೀವೇ ಯೋಳ್ಬೇಡಿ."

ಏಪ್ರಿಲ್ 2, ಬುಧವಾರ

ಸರ್ ಗ್ರಾಫ್ ನೋಡಿ ಮೊದಲು ಖುಷಿಪಟ್ಟರು. "ಎಕ್ಸಲೆಂಟ್! ಒಂದೇ ಮಷಿನ್ನಲ್ಲಿ ಆಕ್ಟಿವಿಟಿನೂ ಬಂತು, ಯಾವ ಆರ್ಗನಿಸಮ್ ಅಂತಾನೂ ಬಂತು." ಆಮೇಲೆ ಅದು ಯಾರ ಹಾಲು ಅಂತ ಕೇಳಿದರು.

ಹೇಳಿದೆ.

ಕನ್ನಡಕ ತೆಗೆದು ಒರೆಸಿದರು. "ಪೇಪರಲ್ಲಿ ಹೆಸರು ಬರಲ್ಲ. ಪ್ರೊಡ್ಯೂಸರ್ ಎ, ಬಿ, ಸಿ. ಅದು ಸ್ಟ್ಯಾಂಡರ್ಡ್."

"ಊರಿಗೆ ಏನು ಹೇಳೋದು ಸರ್? ಅವರು ಕಾಯ್ತಾ ಇದ್ದಾರೆ. ಕಾಲೋನಿಯವರ ಮೇಲೆ ಹಾಕ್ತಿದ್ದಾರೆ."

"ಇನ್ನೂ ಅನಾಲಿಸಿಸ್ ನಡೀತಿದೆ ಅನ್ನು. ನಾವು ಸೆನ್ಸರ್ ಮಾಡೋರು ಪ್ರಿಯಾಂಕ. ನ್ಯಾಯ ಪಂಚಾಯ್ತಿ ಮಾಡೋರಲ್ಲ." ಕನ್ನಡಕ ಮತ್ತೆ ಹಾಕಿಕೊಂಡು, "ನಾನು ತಿಮ್ಮರಾಜುಗೆ ಯಾವಾಗಲಾದ್ರೂ ಮೆತ್ತಗೆ ಹೇಳ್ತೀನಿ, ಪೈಪ್ ಚೇಂಜ್ ಮಾಡಿ ಅಂತ."

ಮೆತ್ತಗೆ. ಯಾವಾಗಲಾದರೂ.

ಏಪ್ರಿಲ್ 9, ಬುಧವಾರ

ಲ್ಯಾಬಿನಲ್ಲಿದ್ದಾಗ ಚಿಕ್ಕವ್ವನ ಫೋನು. ನಿನ್ನೆ ಮತ್ತೆ ಕ್ಯಾನು ವಾಪಸ್ ಬಂತಂತೆ. ಇವತ್ತು ಬೆಳಿಗ್ಗೆಯಿಂದ ಕಾಲೋನಿಯ ಹಾಲು ತೆಗೆದುಕೊಂಡಿಲ್ಲ.

"ಎಲ್ರುದ್ದೂ ಅಳ್ದ. ನಮ್ ನಾಕು ಮನೇದ್ ಬಂದಾಗ ದಿಲೀಪ ತಲೆ ಬಗ್ಸ್ಕಂಡ್ ಗೇಟ್ ಆಕ್ದ ಕಣಮ್ಮಿ. ಮಷಿನ್ ರಿಪೋಲ್ಟ್ ಬರೋಗಂಟ ತಡೀರಿ ಅಂತಾವ್ರೆ. ನಿನ್ ಮಷಿನ್ನೇ ಅಲ್ವಾ? ಏನ್ ಯೋಳ್ತು ಅದು?"

ಅನಾಲಿಸಿಸ್ ನಡೀತಿದೆ ಅಂದೆ.

ಅಂದುಬಿಟ್ಟೆ. ನನ್ನ ಬಾಯಿಂದಲೇ. ಆ ಕಡೆ ಕೆಂಪಿ ಕೂಗುವುದು ಕೇಳುತ್ತಿತ್ತು.

ಏಪ್ರಿಲ್ 12, ಶನಿವಾರ

ಸರ್‌ಗೆ ಹೇಳದೆ ಹೋದೆ. ಮೊದಲ ಬಸ್ಸಿಗೆ.

ಡೈರಿ ಮುಂದೆ ಜನ ಇದ್ದರು, ಹಾಲು ಅಳೆಯುವ ಹೊತ್ತು. ತಿಮ್ಮರಾಜು ಕಟ್ಟೆಯ ಮೇಲೆ ಕೂತಿದ್ದರು. ಲ್ಯಾಪ್‌ಟಾಪ್ ತೆಗೆದು ಇಟ್ಟೆ. ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ — ಇದು ಇಂಥವರ ಹಾಲು, ಇದು ಇಂಥವರ ಹಾಲು, ಗೆರೆ ಇಳಿದರೆ ಕೆಟ್ಟದ್ದು. ಕೆಟ್ಟದ್ದು ಇದು. ಹೆಸರು ಹೇಳಿದೆ. ಪೈಪು ಬದಲಿಸಿದರೆ ಸರಿಹೋಗುತ್ತದೆ, ದೊಡ್ಡ ವಿಷಯವಲ್ಲ ಅಂತಲೂ ಹೇಳಿದೆ.

ಒಂದು ಕ್ಯಾನಿನ ಮುಚ್ಚಳ ಬಿದ್ದು ಉರುಳಿತು.

ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ತಿಮ್ಮರಾಜು ನಕ್ಕರು. "ನೋಡವ್ವ, ಮಷಿನ್ ಮೇಲೆ ನಂಗೇನ್ ಅನ್ಮಾನ ಇಲ್ಲ. ಆದ್ರೆ ಮಷಿನ್ ನಡ್ಸೋರು ನೀನು. ಇರೋದು ಚಿಕ್ಕವ್ವನ್ ಮನೇಲಿ, ಉಣ್ಣೋದು ಅಲ್ಲಿ. ನಾಳೆ ಯಾರಾದ್ರೂ ಅಂಗೆ ಅಂದ್ರೆ ನಿಂಗೇ ಕೆಟ್ಟೆಸ್ರು. ಅಲ್ವಾ?"

ಜನ ತಲೆ ಆಡಿಸಿದರು.

"ಒಂದ್ ಕೆಲ್ಸ ಮಾಡವ್ವ. ಯಾರ್ ಹಾಲು ಅಂತ ನಿಂಗ್ ಗೊತ್ತಾಗ್ದಂಗೆ ಕೊಡ್ತೀವಿ. ಎಲ್ರೆದ್ರುಗೂ ನೋಡಿ ಯೋಳು. ಅವತ್ತು ನನ್ ಹಾಲು ಕೆಟ್ಟದ್ದು ಅಂದ್ರೆ, ಆ ಪೈಪ್ನ ಇಲ್ಲೇ ಸುಟ್ಬುಡ್ತೀನಿ."

ಇದಕ್ಕಿಂತ ನ್ಯಾಯ ಏನಿದೆ? ಬ್ಲೈಂಡ್ ಟೆಸ್ಟ್. ಯಾವ ಜರ್ನಲ್ ಆದರೂ ಅದನ್ನೇ ಕೇಳುತ್ತದೆ. ಒಪ್ಪಿದೆ. ಖುಷಿಯಿಂದಲೇ ಒಪ್ಪಿದೆ.

ದಾರಿಯಲ್ಲಿ ಚಿಕ್ಕವ್ವ, "ಯಾಕ್ ಒಪ್ಕಂಡೆ?" ಅಂದಳು.

"ನಿನ್ನ ಹಾಲು ಚೆನ್ನಾಗಿದೆ ಚಿಕ್ಕವ್ವ. ಹೆದರೋದೇನು?"

"ಹಾಲ್ ಬಗ್ಗೆ ಯಾರ್ ಯೆದ್ರುದ್ರು?"

ಏಪ್ರಿಲ್ 20, ಭಾನುವಾರ

ಐದು ಬಾಟಲಿ — ಕಾಲೋನಿಯ ನಾಲ್ಕು ಮನೆಯದು, ತಿಮ್ಮರಾಜು ಅವರದು. ಮೇಲೆ ನಂಬರು. ತಳದಲ್ಲಿ ಹೆಸರಿನ ಚೀಟಿ, ಅದರ ಮೇಲೆ ಕಪ್ಪು ಟೇಪು. ತುಂಬಿಸಿದ್ದು, ಚೀಟಿ ಅಂಟಿಸಿದ್ದು ದಿಲೀಪ. ಬೇರೆ ಯಾರಾದರೂ ಆಗಿದ್ದರೆ ನಾನೇ ಬೇಡ ಅನ್ನುತ್ತಿದ್ದೆ.

ಸರ್ ಕೂಡ ಬಂದಿದ್ದರು. ನಾನು ಹೇಳದೆ ಹೋಗಿದ್ದಕ್ಕೆ ಒಂದು ಮಾತೂ ಬೈದಿಲ್ಲ, ಬ್ಲೈಂಡ್ ಟೆಸ್ಟ್ ಅಂದ ಕೂಡಲೇ ಅವರ ಮುಖ ಅರಳಿತ್ತು. ವಿಡಿಯೋ ಮಾಡಲು ಮೊಬೈಲ್ ಸ್ಟ್ಯಾಂಡ್ ತಂದಿದ್ದರು.

ಡೈರಿ ಮುಂದೆ ಟೇಬಲ್ ಹಾಕಿದ್ದರು. ಊರು ಊರೇ ಇತ್ತು. ಕಾಲೋನಿಯವರು ಆಚೆ ಹುಣಸೆ ಮರದ ಕೆಳಗೆ. ಚಿಕ್ಕವ್ವ ಒಳ್ಳೆಯ ಸೀರೆ ಉಟ್ಟಿದ್ದಳು.

ಒಂದೊಂದೇ ನೋಡಿದೆ. ಮೂರನೇ ಬಾಟಲಿ — ಉರುಳುವ ಕಲ್ಲು. ಸಂಶಯವೇ ಇಲ್ಲ. ಮೊಬೈಲನ್ನು ಮೇಲೆ ಎತ್ತಿ ಎಲ್ಲರಿಗೂ ತೋರಿಸಿದೆ. "ಇದು. ಇದೇ ಕೆಟ್ಟಿರೋದು." ದನಿಯಲ್ಲಿ ಹೆಮ್ಮೆ ಇತ್ತು, ನನಗೇ ಕೇಳಿಸಿತು.

ದಿಲೀಪ ಬಾಟಲಿ ತಿರುಗಿಸಿದ. ಟೇಪು ಕಿತ್ತ. ಓದಲಿಲ್ಲ. ತಿಮ್ಮರಾಜು ಕೈಗೆ ಕೊಟ್ಟ. ಅವರೂ ಓದಲಿಲ್ಲ, ಸರ್ ಕೈಗೆ ಕೊಟ್ಟರು. ಸರ್ ಓದಿದರು.

"ಮಾರಮ್ಮ."

ಯಾರೂ ಕೂಗಾಡಲಿಲ್ಲ. ಅದೇ... ಯಾರಾದರೂ ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ತಿಮ್ಮರಾಜು ನನ್ನ ಹೆಗಲ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಬೇಜಾರ್ ಮಾಡ್ಕಬೇಡ ಕಣವ್ವ. ನಿನ್ ಮಷಿನ್ ಸರ್ಯಾಗೇ ಅದೆ."

ಮರದ ಕಡೆ ನೋಡಿದೆ. ಚಿಕ್ಕವ್ವ ಆಗಲೇ ಮನೆ ಕಡೆ ನಡೆದಿದ್ದಳು. ಬೆನ್ನು ಮಾತ್ರ ಕಂಡಿತು.

ಏಪ್ರಿಲ್ 21, ಸೋಮವಾರ. ಮಧ್ಯಾಹ್ನ

ಮೂರನೇ ಬಾಟಲಿಯನ್ನು ಲ್ಯಾಬಿಗೆ ತಂದಿದ್ದೆ. ಬೆಚ್ಚಗೆ ಇಟ್ಟು, ಬಣ್ಣ ಹಾಕದೆ ನೋಡಿದೆ.

ಉಬ್ಬು ಇದೆ.

ಅದೇ ಜಾಗದಲ್ಲಿ, ಅದೇ ಆಕಾರ. ಮಾರ್ಚಿನ ಗೆರೆಯ ಮೇಲೆ ಇದನ್ನು ಇಟ್ಟರೆ ಒಂದರ ಮೇಲೊಂದು ಕೂತುಬಿಡುತ್ತವೆ. ಇದು ಪೈಪಿನ ಹಾಲು. ಚಿಕ್ಕವ್ವ ಕೈಯಲ್ಲಿ ಕರೆಯುತ್ತಾಳೆ. ಅವಳ ಮನೆಯಲ್ಲಿ ರಬ್ಬರ್ ಪೈಪು ಇರುವುದು ಗ್ಯಾಸ್ ಒಲೆಗೆ ಮಾತ್ರ.

ನಿನ್ನೆ ಉಳಿದ ಟೇಪುಗಳನ್ನೂ ಕಿತ್ತು ನೋಡಿದ್ದೆ, ತಿಮ್ಮರಾಜು ಹೆಸರಿನ ಬಾಟಲಿಯದು ನೇರ ಗೆರೆ. ಮಲಗಿದ ಹಾಗೆ. ಅದು ಕೆಂಪಿಯದು.

ಚೀಟಿ ಅದಲು ಬದಲು.

ಸರ್‌ಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಅರ್ಥವಾಯಿತು ಅವರಿಗೆ. ಅರ್ಥವಾದದ್ದು ಮುಖದಲ್ಲಿ ಕಂಡಿತು, ಅದನ್ನು ಮರೆಯುವುದಿಲ್ಲ. ಆಮೇಲೆ ಅಂದರು: "ನಿಮ್ಮ ಚಿಕ್ಕಮ್ಮನ ಪಾತ್ರೆಗೂ ಅದೇ ಆರ್ಗನಿಸಮ್ ಸೇರಿರಬಹುದಲ್ಲ? ಒಂದೇ ಊರು, ಒಂದೇ ನೀರು."

"ಇವತ್ತು ಅವರ ಹಾಲು ತರಿಸಿ ನೋಡಿದೆ ಸರ್. ಏನೂ ಇಲ್ಲ."

"ನಿನ್ನೆ ಅವಮಾನ ಆಗಿದೆ. ಇವತ್ತು ಚೆನ್ನಾಗಿ ತೊಳೆದಿರ್ತಾರೆ."

ಯಾವ ಗ್ರಾಫ್ ತರಲಿ? ಮಷಿನ್ನು ಬ್ಯಾಕ್ಟೀರಿಯಾ ಬದುಕಿದೆಯಾ ಅಂತ ಹೇಳುತ್ತದೆ. ಬಾಟಲಿಗೆ ಚೀಟಿ ಅಂಟಿಸಿದ ಕೈ ಯಾವುದು ಅಂತ ಹೇಳುವುದಿಲ್ಲ.

ಏಪ್ರಿಲ್ 24, ಗುರುವಾರ

ದಿಲೀಪ ಫೋನ್ ಎತ್ತುತ್ತಿರಲಿಲ್ಲ. ಪಾಂಡವಪುರ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ. ತಪ್ಪಿಸಿಕೊಳ್ಳಲು ನೋಡಿದ, ಆಗಲಿಲ್ಲ.

ಕೇಳಿದೆ. ಇಲ್ಲ ಅನ್ನಲಿಲ್ಲ.

"ಬಯ್ಯಕ್ಕ. ಪರ್ವಾಗಿಲ್ಲ."

"ಅವರು ಏನು ಹೇಳಿದ್ರು ನಿಂಗೆ? ಕೆಲಸ ತೆಗೀತೀನಿ ಅಂದ್ರಾ?"

"ಇಲ್ಲ ಕಣಕ್ಕ." ನೆಲ ನೋಡುತ್ತಿದ್ದ. "ಅವ್ರು ಏನೂ ಯೋಳ್ನೇ ಇಲ್ಲ. ಹಿಂದಿನ್ ಸಂಜೆ ಮನೆಗ್ ಕರ್ದು ಊಟಕ್ಕಿಕ್ಕುದ್ರು. ಚೆನ್ನಾಗ್ ಮಾಡ್ಲಾ ನಾಳೆ, ಊರ್ ಮರ್ವಾದೆ ಅಂದ್ರು. ಅಷ್ಟೇ. ನಾನೇ... ನಂಗೇ ಅರ್ಥ ಆಯ್ತು."

ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೇ ಬರಲಿಲ್ಲ.

"ನೀವು ಡಾಕ್ಟ್ರೇಟ್ ತಕಂಡು ಹೋಗ್ಬುಡ್ತೀರಿ. ನಾನ್ ದಿನಾ ಬೆಳಗಾದ್ರೆ ಅವ್ರ್ ಮಕ ನೋಡ್ಬೇಕು."

"ಚಿಕ್ಕವ್ವ ಯಾರ ಮುಖ ನೋಡಬೇಕು ದಿಲೀಪ?"

ಬಸ್ಸು ಬಂತು. ಹತ್ತಿಬಿಟ್ಟ. ಕಿಟಕಿಯಲ್ಲಿ ಕೂತು ಅಳುತ್ತಿದ್ದ. ಅಳಲಿ. ನನಗೆ ಸ್ವಲ್ಪವೂ ಕನಿಕರ ಬರಲಿಲ್ಲ.

ಮೇ 14, ಬುಧವಾರ

ಬರೆಯಲು ಮನಸ್ಸಿರಲಿಲ್ಲ ಇಷ್ಟು ದಿನ.

ಇವತ್ತು ಊರಿಗೆ ಹೋಗಿದ್ದೆ. ಒಂದು ವಿಷಯ ಗೊತ್ತಾಯಿತು. ತಿಮ್ಮರಾಜು ಪೈಪು ಬದಲಿಸಿದ್ದಾರೆ. ಎಲ್ಲಾ ಹೊಸದು — ರಬ್ಬರು, ಕೆಚ್ಚಲಿಗೆ ಹಾಕುವ ಕಪ್ಪು, ಪೈಪು. ಬಿಸಿ ನೀರು, ಸೋಡಾ ಹಾಕಿ ತೊಳೆಯಲು ಆಳಿಗೆ ಹೇಳಿಕೊಟ್ಟಿದ್ದಾರೆ. ನಾನು ಡೈರಿ ಮುಂದೆ ಹೇಳಿದ್ದೆನಲ್ಲ, ಅಕ್ಷರಶಃ ಹಾಗೇ.

ಹಾಲು ಈಗ ವಾಪಸ್ ಬರುತ್ತಿಲ್ಲ. ಒಂದು ಸಲವೂ ಬಂದಿಲ್ಲ.

ಅಂಗಡಿ ಮುಂದೆ ಕೂತಿದ್ದವರು ನನ್ನನ್ನು ನೋಡಿಯೇ ಹೇಳಿದರು, ನನಗೆ ಕೇಳಲಿ ಅಂತಲ್ಲ, ಸಹಜವಾಗಿ: "ಕಾಲೋನಿ ಹಾಲು ನಿಲ್ಸಿದ್ದೇ ನಿಲ್ಸಿದ್ದು, ಎಂಗ್ ಸರ್ಯೋಯ್ತು ನೋಡ್ಲಾ."

ನಾನೇ ಕೊಟ್ಟ ಪುರಾವೆ. ಮೊದಲು ಗುಮಾನಿ ಮಾತ್ರ ಇತ್ತು, ಈಗ ವಿಜ್ಞಾನ ಇದೆ. ವಿಡಿಯೋ ಇದೆ. ಊರಿನ ಗ್ರೂಪಿನಲ್ಲಿ ಓಡಾಡುತ್ತಿದೆಯಂತೆ — ಮೊಬೈಲ್ ಎತ್ತಿ ಹಿಡಿದು "ಇದೇ ಕೆಟ್ಟಿರೋದು" ಅನ್ನುತ್ತಿರುವ ನಾನು, ನಗುತ್ತಾ.

ಚಿಕ್ಕವ್ವ ಹಾಲನ್ನು ಮೊಸರು ಮಾಡಿ ಕಾಲೋನಿಯಲ್ಲೇ ಹಂಚುತ್ತಿದ್ದಾಳೆ. ಉಳಿದದ್ದು ಕರುವಿಗೆ. "ಅದೊಂದ್ ದಪ್ಪ ಆಯ್ತು ನೋಡು" ಅಂದಳು. ಉಳಿದ ಮೂರು ಮನೆಯವರಲ್ಲಿ ಬೈರಮ್ಮ ಹಸು ಮಾರಿಬಿಟ್ಟಿದ್ದಾಳೆ. ಅವಳು ನನ್ನನ್ನು ಕಂಡು ಒಳಗೆ ಹೋದಳು.

ಚಿಕ್ಕವ್ವನ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು. ಹಿಡಿದೆ. "ಯೇ, ಥೂ, ಏಳಮ್ಮಿ" ಅಂದಳು. "ನೀನ್ ಬರ್ದೆ ಇದ್ರೂ ಇನ್ನೇನೋ ಆಗದು. ಅವ್ರ್ಗೆ ಮಷಿನ್ನೇ ಬೇಕಾ?"

ಸಮಾಧಾನಕ್ಕೆ ಹೇಳಿದ್ದು. ಆದರೂ ಮಷಿನ್ನು ತಂದುಕೊಟ್ಟವಳು ನಾನು.

ಜೂನ್ 3, ಮಂಗಳವಾರ

ಸರ್ ಪೇಪರ್ ಬರೆದು ಮುಗಿಸಿದ್ದಾರೆ. ಓದಿ ಸರಿ ಅಂತ ಮೇಲ್ ಮಾಡು ಅಂದರು. ಹಾಲಿನ ಬ್ಯಾಕ್ಟೀರಿಯಾ ಚಟುವಟಿಕೆಯನ್ನು ಹಳ್ಳಿಯ ಡೈರಿಯಲ್ಲೇ ಎಲೆಕ್ಟ್ರೋಕೆಮಿಕಲ್ ವಿಧಾನದಿಂದ ಅಳೆಯುವುದು. ಚೆನ್ನಾಗಿ ಬರೆದಿದ್ದಾರೆ, ಸುಳ್ಳು ಹೇಳಬಾರದು.

ಕೊನೆಯ ಭಾಗ: ಸಾರ್ವಜನಿಕ ಬ್ಲೈಂಡ್ ಟೆಸ್ಟ್. ಕೆಟ್ಟ ಸ್ಯಾಂಪಲನ್ನು ಸೆನ್ಸರ್ ತಪ್ಪಿಲ್ಲದೆ ಗುರುತಿಸಿತು. "ಸದರಿ ಉತ್ಪಾದಕರ ಹಾಲನ್ನು ಕೈಬಿಟ್ಟ ನಂತರ ಸಂಘದ ಹಾಲಿನ ಗುಣಮಟ್ಟ ಸುಧಾರಿಸಿತು." ಇಂಗ್ಲಿಷಿನಲ್ಲಿ ಇನ್ನೂ ಅಚ್ಚುಕಟ್ಟಾಗಿದೆ. ಚಿಕ್ಕವ್ವ ಅದರಲ್ಲಿ ಪ್ರೊಡ್ಯೂಸರ್ ಸಿ.

ಒಪ್ಪಿದರೆ ಥೀಸಿಸ್ ಮುಗಿಯುತ್ತದೆ. ಈ ಪೇಪರ್ ಇಲ್ಲದೆ ಸಬ್ಮಿಟ್ ಮಾಡಲು ಬಿಡುವುದಿಲ್ಲ.

ಅಪ್ಪನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಪೋಸ್ಟಾಫೀಸಿನಲ್ಲಿ ಜೀವಮಾನವಿಡೀ ಬೇರೆಯವರ ಕಾಗದ ಹಂಚಿದ ಮನುಷ್ಯ, ತನ್ನ ಮಾತು ಕಡಿಮೆ. ಕೊನೆಗೆ, "ನಿನ್ ಹೆಸ್ರು ಆಕ್ಬೇಕಾಯ್ತದಾ ಅದುಕ್ಕೆ?"

ಹೂಂ ಅಂದೆ.

"ಮಾರಮ್ಮಂಗ್ ಓದಕ್ ಬರಕ್ಕಿಲ್ಲ. ಆದ್ರೂ..." ಅಂದರು.

ಸಂಜೆ ಸರ್‌ಗೆ ಮೇಲ್ ಕಳಿಸಿದೆ. ಚೀಟಿ ಬದಲಾದದ್ದು, ಗೆರೆಯ ಉಬ್ಬು, ಪೈಪು ಬದಲಿಸಿದ್ದು, ದಿಲೀಪ ಒಪ್ಪಿಕೊಂಡದ್ದು. ಎರಡೂ ಗ್ರಾಫ್ ಲಗತ್ತಿಸಿದೆ. ಆ ಭಾಗ ಇರುವ ಪೇಪರಿನಲ್ಲಿ ನನ್ನ ಹೆಸರು ಇರಕೂಡದು ಅಂತ ಬರೆದೆ. ಕಳಿಸಿದ ಮೇಲೆ ಎದ್ದು ಮುಖ ತೊಳೆದೆ. ಹಗುರ. ಏನೋ ದೊಡ್ಡದು ಮಾಡಿದೆ ಅನ್ನಿಸಿತು.

ಜೂನ್ 6, ಶುಕ್ರವಾರ

ಉತ್ತರ ಬಂತು. ಮೊನ್ನೆಯೇ, ಒಂದೇ ಸಾಲು.

"ನಿನ್ನ ಅಭಿಪ್ರಾಯ ಗೌರವಿಸುತ್ತೇನೆ, ಹೆಸರು ತೆಗೆದಿದ್ದೇನೆ."

ಅಷ್ಟೇ. ಪೇಪರ್ ಹೋಯಿತು. ಆ ಭಾಗ ಹಾಗೇ ಇದೆ. ನಾನು ಇಲ್ಲ.

ಜರ್ನಲ್‌ಗೆ ನಾನೇ ಬರೆದೆ. ಗೈಡ್‌ರನ್ನೇ ವಿಚಾರಿಸುತ್ತೇವೆ ಅಂತ ಉತ್ತರ ಬಂತು. ಲ್ಯಾಬಿಗೆ ಹೋದರೆ ಪೆಟ್ಟಿಗೆ ಬೀರುವಿನಲ್ಲಿ, ಬೀಗ ಹಾಕಿದೆ. ಹೊಸ ಹುಡುಗಿ ಒಬ್ಬಳು ನನ್ನ ಜಾಗದಲ್ಲಿ ಕೂತು ಸ್ಟ್ರಿಪ್ ಕತ್ತರಿಸುತ್ತಿದ್ದಳು. "ಮೇಡಂ, ಹೀಗೆ ಹಿಡಿದರೆ ಬೊಬ್ಬೆ ಬರುತ್ತಾ?" ಕೇಳಿದಳು. ಹೇಗೆ ಹಿಡಿಯಬೇಕು ಅಂತ ತೋರಿಸಿ ಬಂದೆ.

ಜೂನ್ 17, ಮಂಗಳವಾರ

ಚಿಕ್ಕವ್ವನೇ ಹೇಳಿದ್ದು: "ಪಾಂಡುಪುರದಲ್ಲಿ ಹೊಟ್ಲಿಗ್ ಕೇಳುವ ಬಾ. ಅಲ್ಲಿ ನಮ್ನ ಯಾರೂ ಕಾಣ್ರು."

ಬಸ್ಸಿನಲ್ಲಿ ಹಾಲಿನ ಕ್ಯಾನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು, ಮಗು ಕೂರಿಸಿಕೊಂಡ ಹಾಗೆ. ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಒಂದು ಟೀ ಹೋಟೆಲು. ಹೊನ್ನಪ್ಪ ಅಂತ ಯಜಮಾನರು. ವಯಸ್ಸಾದವರು, ಒಳ್ಳೆಯ ಮನುಷ್ಯ. ಪ್ಯಾಕೆಟ್ ಹಾಲಿನಲ್ಲಿ ಟೀ ರುಚಿ ಬರುವುದಿಲ್ಲ ಅಂತ ಅವರೇ ಬೇಸರ ಹೇಳಿಕೊಂಡರು. ಅಲ್ಲೇ ಹಾಲು ಕಾಯಿಸಿದರು. ಟೀ ಮಾಡಿ ನಮಗೂ ಕೊಟ್ಟರು. ಗಾಜಿನ ಲೋಟದಲ್ಲಿ, ಎಲ್ಲರಿಗೂ ಕೊಡುವ ಅದೇ ಲೋಟದಲ್ಲಿ.

"ಆಹಾ. ಇದು ಹಾಲು ಅಂದ್ರೆ. ದಿನಾ ಕೊಡ್ತೀಯೇನವ್ವ?"

ಚಿಕ್ಕವ್ವ ತಲೆ ಆಡಿಸಿದ ರೀತಿ... ಇಷ್ಟು ದಿನದಲ್ಲಿ ಮೊದಲ ಸಲ ಅವಳ ಹಲ್ಲು ಕಂಡಿತು.

ಆಮೇಲೆ ಹೊನ್ನಪ್ಪ ಊರು ಕೇಳಿದರು. ಊರು ಹೇಳಿದಳು. ಲೋಟ ಒರೆಸುತ್ತಾ, ಏನೂ ಇಲ್ಲವೆಂಬಂತೆ, "ಮನೆದೇವ್ರು ಯಾವ್ದವ್ವ ನಿಮ್ದು?" ಅಂದರು.

ಕುಲ ಕೇಳುವ ಮರ್ಯಾದೆಯ ದಾರಿ. ನಮಗಿಬ್ಬರಿಗೂ ಗೊತ್ತು.

ಚಿಕ್ಕವ್ವ ನನ್ನ ಕಡೆ ನೋಡಲಿಲ್ಲ. ತಿಮ್ಮರಾಜು ಮನೆಯವರ ದೇವರ ಹೆಸರು ಹೇಳಿದಳು. ತಡವರಿಸಲಿಲ್ಲ. "ಹೆಸ್ರು?" ಅಂದರು. "ಲಕ್ಷ್ಮಮ್ಮ" ಅಂದಳು.

"ಈ ಹುಡ್ಗಿ?"

"ಅಕ್ಕನ್ ಮಗ್ಳು. ಡಾಕ್ಟ್ರು ಓದ್ತಾವ್ಳೆ."

ನಾನು ಟೀ ಕುಡಿಯುತ್ತಿದ್ದೆ. ತಲೆ ಆಡಿಸಿದೆ.

ವಾಪಸ್ ಬಸ್ಸಿನಲ್ಲಿ ಖಾಲಿ ಕ್ಯಾನು ಕಾಲ ಹತ್ತಿರ ಇಟ್ಟುಕೊಂಡಿದ್ದಳು. ಟಿಕೆಟ್ ಮಡಚುತ್ತಾ, "ದೇವ್ರು ಅಂದ್ಮೇಲೆ ಯಾವ್ದಾದ್ರೇನ್ ಬುಡು" ಅಂದಳು. ದನಿ ಅವಳದಾಗಿರಲಿಲ್ಲ.

ಜೂನ್ 24, ಮಂಗಳವಾರ

ನಾಗಮಂಗಲದಲ್ಲಿದ್ದೇನೆ. ಇಲ್ಲಿನ ಒಂದು ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್‌ಗೆ ಅರ್ಜಿ ಹಾಕಿದೆ. ಥೀಸಿಸ್ ಬಗ್ಗೆ ಅಪ್ಪ ಕೇಳುವುದನ್ನು ನಿಲ್ಲಿಸಿದ್ದಾರೆ.

ಈಗ ತಾನೇ ಚಿಕ್ಕವ್ವನ ಫೋನು. ವಾರದಿಂದ ಹಾಲು ಪಾಂಡವಪುರಕ್ಕೆ ಸರಿಯಾಗಿ ಹೋಗುತ್ತಿದೆ. ಟೀಗೆ ಜನ ಹೆಚ್ಚಾಗಿದ್ದಾರಂತೆ. ಹೊನ್ನಪ್ಪನವರಿಗೆ ಬಹಳ ಇಷ್ಟವಾಗಿ, ಇನ್ನೊಂದು ಹಸು ಕೊಡಿಸುತ್ತೇನೆ ಅನ್ನುತ್ತಿದ್ದಾರೆ. ಭಾನುವಾರ ಹೆಂಡತಿಯನ್ನೂ ಕರೆದುಕೊಂಡು ಮನೆಗೆ ಬರುತ್ತಾರಂತೆ. ಕೆಂಪಿಯನ್ನು ನೋಡಬೇಕಂತೆ.

"ಊರೊಳಗ್ ಬಂದು ಲಕ್ಷ್ಮಮ್ಮನ್ ಮನೆ ಯಾವ್ದು ಅಂತ ಕೇಳ್ತಾರೆ. ಏನ್ ಮಾಡ್ಲಮ್ಮಿ? ಮುಂಚೇಗೇ ಯೋಳ್ಬುಡ್ಲಾ?"

ನಿಜ ಹೇಳಿಬಿಡು ಚಿಕ್ಕವ್ವ ಅಂತ ನಾಲಿಗೆ ತುದಿಗೆ ಬಂತು. ಒಳ್ಳೆಯ ಮನುಷ್ಯ, ಅರ್ಥ ಮಾಡಿಕೊಳ್ಳುತ್ತಾರೆ, ನಿನ್ನ ಹಾಲು ಚೆನ್ನಾಗಿದೆ ಹೆದರೋದೇನು...

ಆ ಮಾತನ್ನು ನಾನು ಒಂದು ಸಲ ಆಗಲೇ ಹೇಳಿದ್ದೇನೆ, ಬ್ಲೈಂಡ್ ಟೆಸ್ಟ್ ಒಪ್ಪಿಕೊಂಡ ದಿನ.

ಆಮೇಲೆ ಮಾಡುತ್ತೇನೆ ಅಂತ ಫೋನ್ ಇಟ್ಟೆ. ಕಾಯುತ್ತಿರುತ್ತಾಳೆ. ಫೋನ್ ಕೈಯಲ್ಲೇ ಇದೆ. ಏನಂತ ಹೇಳಲಿ?